ಅಕ್ಕೋರು ಮತ್ತೆ ಮೂರು ನರ

ನಮಗೆ ವಿಜ್ಞಾನ ಕಲಿಸಿದ ಅಕ್ಕೋರ ನೆನಪಿಗೆ ಒಂದು ಪುಸ್ತಕ ಮಾಡ್ತಾರಂತೆ. ನೀನೂ ಎರಡು ಪುಟ ಬರಿ ಹೇಳಿ ಅವ್ರ ಶಾಲೆಯ ರಿಟೈರ್ಡ್ ಕನ್ನಡ ಮಾಸ್ತರು ಫೋನ್ ಮಾಡಿದ್ರು. ಆತು ಅಂದೆ. ಫೋನ್ ಇಡೋ ಹೊತ್ತಿಗೆ ಅವ್ರು ದನಿ ಸಣ್ಣ ಮಾಡಿ, "ತಮಾ, ಒಳ್ಳೇದಷ್ಟೇ ಬರಿ. ಆ ದಿನದ್ದು ಬೇಡ. ಅವ್ರ ತಮ್ಮನಿಗೆ ಬೇಜಾರಾಗ್ತದೆ" ಅಂದ್ರು.

"ಯಾವ ದಿನದ್ದು ಮಾಸ್ತರೆ?"

"ನಿಂಗೆ ಗೊತ್ತದೆ. ನಾ ಬಾಯಿಬಿಟ್ಟು ಹೇಳ್ಬೇಕಾ?"

ಗೊತ್ತದೆ. ಆ ದಿನ ಅಕ್ಕೋರ ಬಾಯಿ ಒಂದು ಬದಿಗೆ ವಾಲಿತ್ತು, ಬಲಗೈ ಜೋತು ಬಿದ್ದಿತ್ತು. ಮನೆಯವ್ರು ಆಸ್ಪತ್ರೆಗೆ ಒಯ್ಯೋದು ಬಿಟ್ಟು ನರ ತಿಕ್ಕುವ ಅಜ್ಜನ್ನ ಕರೆಸಿದ್ರು. ಅದನ್ನ ಬಿಟ್ಟು ಬರೀಬೇಕಂತೆ. ಜೀವ ಇರೋವರೆಗೂ ನರ ಅನ್ನೋ ಒಂದು ಶಬ್ದದ ಮೇಲೆ ಜಗಳ ಆಡಿದವ್ರು ಅಕ್ಕೋರು. ಕಡೆಗೆ ಅದೇ ಶಬ್ದ ಅವ್ರನ್ನ ತಿಂತು. ಅದನ್ನ ಬಿಟ್ರೆ ನಂಗೆ ಬರೀಲಿಕ್ಕೆ ಎಂತ ಉಳೀತು? ಬರೀತೆ. ಹಾಕೋದು ಬಿಡೋದು ಅವ್ರಿಗೆ ಬಿಟ್ಟದ್ದು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಾಗ ಡ್ಯೂಟಿ ಬದಲು ಮಾಡ್ಕಂಡು ಹೋಗಿದ್ದೆ. ಮಾತಾಡಿದವ್ರೆಲ್ಲ ಒಂದೇ ಅಚ್ಚು. ಮೃದುಭಾಷಿ, ಶಾಂತಮೂರ್ತಿ, ಯಾರ ಮನಸ್ಸನ್ನೂ ನೋಯಿಸದವ್ರು. ನನ್ನ ಬದಿಗೆ ಹಿರೇಗುತ್ತಿಯ ಅಂಗನವಾಡಿ ಸಹಾಯಕಿ ಕೂತಿದ್ಳು. ಅವಳೂ ನನ್ನ ಜೊತೆಗೇ ಅಕ್ಕೋರ ಹತ್ರ ಕಲಿತವ್ಳು. ಮೆಲ್ಲಗೆ ನನ್ನ ಕಿವಿಯಲ್ಲಿ, "ನಾವು ಬೇರೆ ಯಾರದ್ದೋ ಸಭೆಗೆ ಬಂದು ಕೂತ್ವಾ ಹೆಂಗೆ?" ಅಂದ್ಳು. ಅಕ್ಕೋರು ಮೃದುಭಾಷಿ ಆದ್ರೆ ಯಕ್ಷಗಾನದ ಬಣ್ಣದ ವೇಷದ ಆರ್ಭಟೆ ಜೋಗುಳ.

ಹಾಗೆ ಹೊಗಳಿದವ್ರಲ್ಲಿ ಇಬ್ಬರು ಅಕ್ಕೋರ ಜೊತೆ ಕೆಲಸ ಮಾಡಿದವ್ರು. ಆಗ ಅವ್ರ ಬಾಯಲ್ಲಿ ಅಕ್ಕೋರಿಗೆ ಬೇರೆ ಹೆಸರಿತ್ತು, ಹಾರ್ಮೋನ್ ಅಕ್ಕೋರು. ಹುಡುಗಿಯರ ಪಾಯಖಾನೆಗೆ ಚಿಲಕ ಇಲ್ಲ ಹೇಳಿ ಅಕ್ಕೋರು ಮೀಟಿಂಗಲ್ಲಿ ಎದ್ದು ನಿಂತ್ರೆ ಹಿಂದಿನಿಂದ ನಗು, "ಇವತ್ತು ಹಾರ್ಮೋನ್ ಏರದೆ." ಸಂತಾನೋತ್ಪತ್ತಿ ಪಾಠ ಮನೇಲೇ ಓದ್ಕಳಿ ಹೇಳಿ ಬಿಟ್ಟುಬಿಡುವ ಅಂದವ್ರ ಜೊತೆ ಅಕ್ಕೋರು ಜಗಳ ತೆಗೆದ್ರೆ, "ಮದುವೆ ಆಗದೇ ಇದ್ರೆ ಹೀಗೇ." ಇದನ್ನ ಅಕ್ಕೋರೇ ಒಂದಿನ ನಮಗೆ ಹೇಳಿದ್ರು. ಹೇಳುವಾಗ ಮುಖದಲ್ಲಿ ದುಃಖ ಗಿಃಖ ಎಂತದೂ ಇರ್ಲಿಲ್ಲ.

"ನಾ ತಿರುಗಿ ಕೇಳ್ದೆ. ಯಾವ ಹಾರ್ಮೋನು? ಹೆಸರು ಹೇಳಿ. ಥೈರಾಕ್ಸಿನ್ನಾ? ಇನ್ಸುಲಿನ್ನಾ? ಅಡ್ರಿನಲಿನ್ನಾ? ಯಾವ ಗ್ರಂಥಿಯಿಂದ ಹೊರಡ್ತು, ಎಲ್ಲಿಗೆ ಮುಟ್ತು? ಒಬ್ಬನಿಗೂ ಗೊತ್ತಿಲ್ಲ. ಗೊತ್ತಿಲ್ಲದ ಶಬ್ದ ತಗಂಡು ಹೆಂಗಸಿನ ಮೇಲೆ ಒಗೀತಾರೆ. ಕಲ್ಲಾದ್ರೆ ಯಾವ ಕಲ್ಲು ಹೇಳಿ ನೋಡ್ಕಂಡು ಒಗೀತಿದ್ರು."

ಹೆಸರು ಹೇಳಿ. ಇದು ಅವ್ರ ಮಾತು. ನಾವು ಗ್ರಂಥಿ ಅಂದ್ರೆ, ಯಾವ ಗ್ರಂಥಿ, ಹೆಸರು ಹೇಳು. ಬಸ್ಸು ತಪ್ತು ಅಂದ್ರೆ, ಯಾವ ಬಸ್ಸು, ಹೆಸರು ಹೇಳು. ಎತ್ತರದ ಆಳು, ತೆಳ್ಳಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಳೆ ಇರ್ಲಿ ಇಲ್ಲದಿರ್ಲಿ ಬಗಲಲ್ಲಿ ಕೊಡೆ ಇಟ್ಕಂಡು ಕುಮಟೆ ಪೇಟೆಯಲ್ಲಿ ನಡೀತಾ ಇದ್ರೆ, ಕಲಿತು ಬಿಟ್ಟ ಹುಡುಗರು ಎದುರಿನ ಅಂಗಡಿಗೆ ನುಗ್ತಿದ್ರು. ಮೀಸೆ ಬಂದವ್ರು, ಮಕ್ಕಳಾದವ್ರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ತದಡಿ ಬಂದರದಿಂದ ಮೀನಿನ ಟೆಂಪೋ ಓಡಿಸ್ತಿದ್ದೆ. ಸರ್ಕಾರಿ ಬಸ್ಸಿನ ಡ್ರೈವರ್ ಆಗ್ಬೇಕಾದ್ರೆ ಎಸ್ಸೆಸ್ಸೆಲ್ಸಿ ಬೇಕು ಅಂದ್ರು. ಮೂವತ್ತು ದಾಟಿದ ಮೇಲೆ ವಿಜ್ಞಾನದ ಪುಸ್ತಕ ಕೈಗೆ ತಗಂಡ್ರೆ ಅದ್ರಲ್ಲಿ ನಂಗೆ ಗೊತ್ತಾದ್ದು ಚಿತ್ರ ಮಾತ್ರ. ಅಕ್ಕೋರು ಭಾನುವಾರ ಮನೆಯ ಜಗಲಿಯಲ್ಲಿ ನಮ್ಮಂಥ ದೊಡ್ಡವ್ರಿಗೆ ಪಾಠ ಮಾಡ್ತಾರೆ ಹೇಳಿ ಯಾರೋ ಅಂದ್ರು, ಹೋದೆ. ಮೀನಿನ ವಾಸನೆ ಹೇಳಿ ಮೆಟ್ಟಿಲ ಹತ್ರವೇ ಕೂತೆ.

"ಅಲ್ಲೆಂತಕ್ಕೆ ಕೂತೆ?"

"ವಾಸನೆ ಅಕ್ಕೋರೆ."

"ಸ್ವಲ್ಪ ಹೊತ್ತಿಗೆ ನಮ್ಮ ಮೂಗಿಗೆ ಅದೇ ವಾಸನೆ ಬೇಜಾರು ಬಂದು ಮಿದುಳಿಗೆ ಹೇಳೋದೇ ಬಿಡ್ತದೆ. ಮುಂದೆ ಬಾ. ನಿನ್ನ ಅಕ್ಷರ ನೋಡ್ಬೇಕು, ಅದು ಇದಕ್ಕಿಂತ ಗಬ್ಬು ಇರ್ತದೆ."

ಇತ್ತು.

ನಾವು ಮೂವರು ಕಡೆಯವರೆಗೆ ಉಳಿದವ್ರು. ನಾನು, ಆ ಅಂಗನವಾಡಿಯವ್ಳು, ಮತ್ತೆ ಭಟ್ಕಳದ ಒಬ್ಬ ಬಟ್ಟೆ ಅಂಗಡಿಯವ. ಅವ ಮನೇಲಿ ನವಾಯತಿ, ಅಂಗಡೀಲಿ ಉರ್ದು, ನಮ್ಮ ಹತ್ರ ಕನ್ನಡ ಮಾತಾಡುವವ. ನರಮಂಡಲದ ಪಾಠ ಸುರು ಮಾಡಿದ ದಿನ ಅಕ್ಕೋರು ಪುಸ್ತಕ ತೆಗೀಲೇ ಇಲ್ಲ. "ನಿಮ್ಮ ಮೈಯಲ್ಲಿ ನರ ತೋರಿಸಿ" ಅಂದ್ರು.

ನಾನು ಮುಂಗೈ ಮಡಚಿ ಉಬ್ಬಿದ ನೀಲಿ ಗೆರೆ ತೋರಿಸ್ದೆ. ಸ್ಟೇರಿಂಗ್ ತಿರುಗಿಸಿದ ಕೈ, ಚಂದ ಉಬ್ಬಿ ನಿಂತಿತ್ತು.

"ಸುಳ್ಳು. ಅದ್ರಲ್ಲಿ ಹರಿಯೋದು ರಕ್ತ. ಅದು ರಕ್ತನಾಳ."

ಅಂಗನವಾಡಿಯವ್ಳು ಹಿಮ್ಮಡಿ ಮೇಲಿನ ಹುರಿ ಹಿಡಿದು ತೋರಿಸಿದ್ಳು. "ಇದು ಅಕ್ಕೋರೆ. ನಂಗೆ ಯಾವಾಗ್ಲೂ ಇದೇ ನರ ಸೆಳೆಯೋದು."

"ಸುಳ್ಳು. ಅದು ಮಾಂಸವನ್ನ ಎಲುಬಿಗೆ ಕಟ್ಟಿದ ಹಗ್ಗ. ಅದು ಎಳೀತದೆ ಅಷ್ಟೇ, ಸುದ್ದಿ ಹೇಳೂದಿಲ್ಲ."

ಭಟ್ಕಳದವ ಜಾಣ. ಕೈ ಕಟ್ಟಿ ಕೂತ. "ನೀನು?" ಅಂದ್ರು. "ನಮ್ಮ ಉರ್ದುವಲ್ಲಿ ನಸ್ ಅಂತಾರೆ ಅಕ್ಕೋರೆ. ಅದೂ ರಕ್ತನಾಳ, ಹಗ್ಗ, ಸುದ್ದಿ ಹೇಳುವ ನರ, ಈ ಮೂರಕ್ಕೂ ಒಂದೇ. ಕೊಂಕಣಿಯವ್ರು ಶೀರ್ ಅಂತಾರೆ. ಅದೂ ಅಷ್ಟೇ."

ಅಕ್ಕೋರಿಗೆ ಸಿಟ್ಟು ಬಂತು, ನಮ್ಮ ಮೇಲಲ್ಲ, ಇಡೀ ಕರಾವಳಿ ಮೇಲೆ. "ಮೂರು ಭಾಷೆ ಸೇರಿ ಒಂದೇ ತಪ್ಪು ಮಾಡ್ತಾವೆ. ರಕ್ತ ತೆಗೆಯುವವ್ಳು ನರ ಸಿಗ್ತಿಲ್ಲ ಅಂತಾಳೆ. ಕಾಲು ಉಳುಕಿದವ ನರ ತಪ್ಪಿದೆ ಅಂತಾನೆ. ನಿಜವಾದ ನರಕ್ಕೆ ಏನಾದ್ರೂ ಆದ ದಿನ ಹೇಳ್ಲಿಕ್ಕೆ ನಿಮ್ಮ ಹತ್ರ ಶಬ್ದವೇ ಇಲ್ಲ. ಶಬ್ದ ಇಲ್ಲದಿದ್ರೆ ಯಾರನ್ನ ಕರೀಬೇಕು ಹೇಳೂ ಗೊತ್ತಾಗೂದಿಲ್ಲ."

ಅವತ್ತಿಂದ ಅವ್ರ ಜಗಲಿಯಲ್ಲಿ ನರ ಅಂದವ್ರಿಗೆ ಒಂದೇ ಪ್ರಶ್ನೆ. ಯಾವ ನರ?

ಆ ಪಾಠವನ್ನ ಅವ್ರು ಪುಸ್ತಕದ ಹಾಗೆ ಮಾಡ್ಲಿಲ್ಲ. ನರಕೋಶದ ಉದ್ದಕ್ಕೆ ಸುದ್ದಿ ಕರೆಂಟಿನ ಹಾಗೆ ಓಡ್ತದೆ, ಎರಡು ನರಕೋಶದ ನಡುವೆ ಸಣ್ಣ ಸಂದು ಅದೆ, ಅಲ್ಲಿ ರಾಸಾಯನಿಕ ದಾಟ್ತದೆ ಹೇಳಿ ಬರ್ಕಂಡಿತ್ತು. ನಂಗೆ ತಲೆಗೆ ಹೋಗ್ಲಿಲ್ಲ. ಕರೆಂಟು ಆದ್ರೆ ಸಂದಿನಲ್ಲಿ ಯಾಕೆ ನಿಲ್ತದೆ, ವಾಯರ್ ಜೋಡಿಸಿದ್ರೆ ಆಗ್ತಿತ್ತಲ್ಲ ಅಂದೆ.

"ನೀನು ತದಡಿಯವ. ಹೇಳು, ಕುಮಟೆಯಿಂದ ಹೊರಟ ಬಸ್ಸು ಅಘನಾಶಿನಿ ಹೊಳೆ ದಾಟ್ತದಾ?"

"ಇಲ್ಲ. ದಕ್ಕೆಯಲ್ಲಿ ನಿಲ್ತದೆ."

"ಮತ್ತೆ ಜನ?"

"ಇಳಿದು ದೋಣಿ ಹತ್ತತಾರೆ. ಆ ದಡದಲ್ಲಿ ಬೇರೆ ಬಸ್ಸು."

"ಅಷ್ಟೇ. ಬಸ್ಸು ದಾಟೂದಿಲ್ಲ, ಜನ ದಾಟ್ತಾರೆ. ಕರೆಂಟು ದಾಟೂದಿಲ್ಲ, ಸುದ್ದಿ ದಾಟ್ತದೆ. ನಿನ್ನ ಹೊಳೆಗೂ ಇದಕ್ಕೂ ಒಂದೇ ವ್ಯತ್ಯಾಸ. ಇಲ್ಲಿ ದೋಣಿ ಒಂದೇ ಬದಿಗೆ ಹೋಗೋದು. ಆ ದಡದಿಂದ ವಾಪಸ್ ಬರುವ ದೋಣಿ ಇಲ್ಲ. ಉತ್ತರ ಬರಬೇಕಾದ್ರೆ ಬೇರೆ ದಾರಿ, ಬೇರೆ ನರ."

ಹಾರ್ಮೋನಿಗೆ ಬೇರೆ ಉಪಾಯ. ನಮ್ಮ ಕರ್ಕಿ ಕಡೆ ಯಕ್ಷಗಾನದ ಆಟ ಇದ್ರೆ ರಿಕ್ಷಾಕ್ಕೆ ಮೈಕ್ ಕಟ್ಟಿ ಎಲ್ಲಾ ರಸ್ತೆಯಲ್ಲಿ ಕೂಗ್ಕಂಡು ಹೋಗ್ತಾರೆ. "ಮೈಕಿನ ರಿಕ್ಷಾ ಎಲ್ಲರ ಮನೆ ಎದುರೂ ಹೋಗ್ತದಲ್ದಾ? ಎಲ್ಲರೂ ಆಟಕ್ಕೆ ಬರ್ತಾರಾ?" "ಹುಚ್ಚು ಇದ್ದವ್ರು ಬರ್ತಾರೆ." "ಹಾರ್ಮೋನೂ ರಕ್ತದಲ್ಲಿ ಇಡೀ ಮೈ ಸುತ್ತದೆ. ಕಿವಿ ಇದ್ದ ಜೀವಕೋಶ ಮಾತ್ರ ಕೇಳ್ತದೆ, ಎದ್ದು ಕೆಲಸಕ್ಕೆ ಹೊರಡ್ತದೆ. ನರ ಹಾಗಲ್ಲ. ಒಬ್ಬನ ಬೆನ್ನು ತಟ್ಟಿ ಏಳು ಅಂದ ಹಾಗೆ. ಕೂಡ್ಲೆ, ಅವನಿಗೆ ಮಾತ್ರ."

ಪರೀಕ್ಷೆಯಲ್ಲಿ ನಾನು ದೋಣಿ, ರಿಕ್ಷಾ ಎರಡನ್ನೂ ಬರೆದು ಬಂದೆ. ಹೇಳಿದ್ದಕ್ಕೆ ಬೈದ್ರು. "ಅದು ನಿನ್ನ ತಲೆಗೆ ಹೇಳಿದ್ದು, ಪೇಪರಿಗಲ್ಲ ಮಾರಾಯ." ಪಾಸಾದೆ. ಪೇಪರ್ ನೋಡಿದ ಮಾಸ್ತರು ತದಡಿ ಕಡೆಯವ್ರೇ ಇರ್ಬೇಕು.

ಸಿಟ್ಟಿನ ವಿಷಯವನ್ನೂ ಅವ್ರೇ ಕಲಿಸಿದ್ದು. ಕಿಡ್ನಿ ಮೇಲೆ ಟೊಪ್ಪಿ ಹಾಕಿದ ಹಾಗೆ ಎರಡು ಗ್ರಂಥಿ ಅದೆ. ಹೆದರಿಕೆ ಆದ್ರೆ, ಸಿಟ್ಟು ಬಂದ್ರೆ, ನರ ಬಂದು ಅದನ್ನ ತಟ್ತದೆ, ಅದು ಅಡ್ರಿನಲಿನ್ ಬಿಡ್ತದೆ. ಎದೆ ಹೊಡ್ಕಳ್ತದೆ, ರಕ್ತ ಕೈಕಾಲಿಗೆ ಓಡ್ತದೆ. "ಸಿಟ್ಟು ರೋಗ ಅಲ್ಲ. ಈಗ ಏನಾದ್ರೂ ಮಾಡು ಹೇಳಿ ಮೈ ಕೊಡುವ ಅಪ್ಪಣೆ. ಮಾಡುವ ಕೆಲಸ ಇದ್ದಲ್ಲಿ ಧ್ಯಾನ ಮಾಡು, ನೀರು ಕುಡಿ ಅನ್ನುವವ್ರು ನಿಮ್ಮ ಕೆಲಸ ಕೆಡಿಸುವವ್ರು." ಚಿಲಕದ ಜಗಳದಲ್ಲಿ ಅವ್ರೇ ಗೆದ್ದದ್ದು. ಯಾರೂ ಹಾಕದೇ ಇದ್ದಾಗ ಪೇಟೆಯಿಂದ ಬಡಗಿಯನ್ನ ಕರ್ಕಂಡು ಹೋಗಿ, ಹೆಡ್ ಮಾಸ್ತರ ರೂಮಿನ ಬಾಗಿಲಿನ ಚಿಲಕ ಬಿಚ್ಚಿಸಿ ಅಲ್ಲಿ ಹಾಕಿಸಿದ್ರು.

ಈಗ ಆ ದಿನ.

ಅಕ್ಕೋರು ರಿಟೈರ್ ಆಗಿ ತಮ್ಮನ ಸಂಸಾರದ ಜೊತೆಗೇ ಇದ್ರು. ತಮ್ಮನದ್ದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಚಾ ಕುಡೀತಾ ಅಕ್ಕೋರ ಬಲಗೈಯಿಂದ ಲೋಟ ಜಾರಿ ಬಿತ್ತಂತೆ. ಮಾತಾಡ್ಲಿಕ್ಕೆ ಹೋದ್ರೆ ನಾಲಿಗೆ ತೊಡರಿತ್ತು. ತಮ್ಮ ಬಂದು ನೋಡಿ ಹೇಳಿದ್ದು ಒಂದೇ ಮಾತು. "ನರ ಹಿಡ್ಕಂಡದೆ."

ನರ ಹಿಡ್ಕಂಡ್ರೆ ನಮ್ಮೂರಲ್ಲಿ ಯಾರನ್ನ ಕರೀತಾರೆ? ನರ ತಿಕ್ಕುವ ಅಜ್ಜನ್ನ. ಅಜ್ಜನ ಮೇಲೆ ನಂಗೆ ಸಿಟ್ಟಿಲ್ಲ. ಉಳುಕು ತೆಗೆಯೋದ್ರಲ್ಲಿ ಅವ ಕೈ ಪಳಗಿದವ, ನನ್ನ ಸೊಂಟವನ್ನೂ ಸರಿ ಮಾಡಿದವ. ಅವನಿಗೆ ಹೇಳಿದ್ದು ಕೈ ಹಿಡ್ಕಂಡದೆ ಬಾ ಹೇಳಿ. ಬಂದ. ಎಣ್ಣೆ ಬಿಸಿ ಮಾಡಿಸಿ ಹೆಗಲಿಂದ ಬೆರಳವರೆಗೆ ತಿಕ್ಕಲಿಕ್ಕೆ ಕೂತ.

ಕೈಗೆ ಎಂತದೂ ಆಗಿರ್ಲಿಲ್ಲ. ಕೈ ಗಟ್ಟಿಮುಟ್ಟಾಗೇ ಇತ್ತು. ಆದದ್ದು ತಲೆಯ ಒಳಗೆ. ಮಿದುಳಿನ ಒಂದು ರಕ್ತನಾಳ ಕಟ್ಟಿ, ಅದ್ರ ಆಚೆಗಿನ ನರಕೋಶ ಉಸಿರಿಲ್ಲದೆ ಒಂದೊಂದಾಗಿ ಸಾಯ್ತಾ ಇದ್ವು. ಕೈಗೆ ಏಳು ಅನ್ನುವ ಸುದ್ದಿ ಹೊರಡ್ತಾನೇ ಇರ್ಲಿಲ್ಲ. ಬಸ್ಸು ಡಿಪೋದಲ್ಲೇ ಕೆಟ್ಟು ನಿಂತಿದ್ರೆ ದಕ್ಕೆಯಲ್ಲಿ ದೋಣಿ ತೊಳೆದು ಎಂತ ಮಾಡೋದು?

ಇದೆಲ್ಲ ಅಕ್ಕೋರಿಗೆ ಗೊತ್ತಾಗಿತ್ತು. ಅದೇ ನಂಗೆ ತಡ್ಕಳ್ಳಲಿಕ್ಕೆ ಆಗದೇ ಇದ್ದದ್ದು. ತಮ್ಮನ ಹೆಂಡತಿ ಆಮೇಲೆ ಹೇಳಿದ್ರು, "ಅಕ್ಕ ಎಡಗೈಯಲ್ಲಿ ತಲೆ ಮುಟ್ಟಿ ಮುಟ್ಟಿ ತೋರಿಸ್ತಿದ್ರು ತಮಾ. ನಮಗೆ ತಲೆನೋವು ಕಂಡ್ತು. ನೆತ್ತಿಗೂ ಎಣ್ಣೆ ಇಟ್ವಿ." ಅಜ್ಜನ ಕೈಯನ್ನ ಎಡಗೈಯಲ್ಲಿ ದೂಡಿದ್ರಂತೆ. ಅಕ್ಕೋರಿಗೆ ಸಿಟ್ಟು ಮೊದಲೇ ಜಾಸ್ತಿ ಅಲ್ದಾ, ಇದೂ ಅದೇ ಅಂದ್ಕಂಡ್ರು. "ಸುಮ್ನಿರೆ ಅಕ್ಕ, ನರ ಸಡಿಲ ಆಗ್ಲಿ" ಹೇಳಿ ಮನೆಯವ್ರು ಆ ಎಡಗೈಯನ್ನ ಹಿಡ್ಕಂಡ್ರು. ನಾಲಿಗೆ ಹೋಗಿತ್ತು, ಬಲಗೈ ಹೋಗಿತ್ತು. ಹೇಳ್ಲಿಕ್ಕೆ ಉಳಿದದ್ದು ಅದೊಂದು ಕೈ. ಅದನ್ನೂ ಹಿಡ್ಕಂಡ್ರು.

ಬಿಸಿಲು ಏರಿದ ಮೇಲೆ ಒಂದು ಕ್ಲಿನಿಕ್ಕಿಗೆ ಒಯ್ದ್ರು. ಅಲ್ಲಿಂದ ತಮ್ಮನ ಹೆಂಡತಿ ನಂಗೆ ಫೋನ್ ಮಾಡಿದ್ದು. ನಾ ಹೋಗುವಾಗ ಅಕ್ಕೋರನ್ನ ಮಂಚದ ಮೇಲೆ ಮಲಗಿಸಿ ಸಲಾಯಿನ್ ಬಾಟ್ಲಿ ಹಾಕ್ಲಿಕ್ಕೆ ನೋಡ್ತಿದ್ರು. ನರ್ಸು ಮುಂಗೈಗೆ ಚುಚ್ಚಿ ಚುಚ್ಚಿ, "ನರ ಸಿಗ್ತಿಲ್ಲ ಸರ್" ಅಂದ್ಳು.

"ಅದು ನರ ಅಲ್ಲ" ಅಂದೆ. ನಂಗೇ ತಿಳೀದೆ ಜೋರಾಗಿ ಬಂತು.

"ಎಂತದು?" ನರ್ಸು ತಿರುಗಿ ನೋಡಿದ್ಳು. "ನೀವು ಹೊರಗೆ ನಿಲ್ಲಿ."

ಅಕ್ಕೋರು ನನ್ನನ್ನ ನೋಡಿದ್ರು. ಬಾಯಿ ವಾಲಿತ್ತು, ಕಣ್ಣು ಮಾತ್ರ ಭಾನುವಾರದ ಜಗಲಿಯ ಕಣ್ಣೇ. ಡಾಕ್ಟರು ಇದು ಇಲ್ಲಿ ಆಗುವಂಥದ್ದಲ್ಲ, ಉಡುಪಿ ಕಡೆ ಒಯ್ಯಿರಿ ಅಂದ್ರು. ಅದನ್ನ ಬೆಳಿಗ್ಗೆಯೇ ಕೇಳಬೇಕಾಗಿತ್ತು.

ಸ್ನೇಹಿತನ ಓಮ್ನಿ ತಂದು, ಅಕ್ಕೋರನ್ನ ಹಿಂದೆ ಮಲಗಿಸಿ, ತಮ್ಮನನ್ನ ಬದಿಗೆ ಕೂರಿಸ್ಕಂಡು ನಾನೇ ಓಡಿಸ್ದೆ. ದಿನಾ ಓಡಿಸುವ ರಸ್ತೆ. ಅವತ್ತು ಅದ್ರ ಉದ್ದ ಗೊತ್ತಾತು. ಹೊನ್ನಾವರ ಬಂತು, ಶರಾವತಿ ಸೇತುವೆ ದಾಟ್ತು, ಭಟ್ಕಳ ಬಂತು. ಮೂರು ತಾಲೂಕು, ಇಷ್ಟು ಜನ, ಇಷ್ಟು ವರ್ಷದಿಂದ ಬೇಕು ಬೇಕು ಹೇಳಿ ಕೂಗ್ತಾ ಇದ್ರೂ ತಲೆಗೆ ರಕ್ತ ಕಟ್ಟಿದವ್ರನ್ನ ಒಯ್ಯುವ ದೊಡ್ಡ ಆಸ್ಪತ್ರೆ ಇಲ್ಲಿ ಇಲ್ಲ. ಕಾಲಿಗೆ ಮುಳ್ಳು ಹೆಟ್ಟಿದ ಸುದ್ದಿ ಬೆನ್ನುಹುರಿಗೆ ಹೋಗಿ ಕಾಲು ಎತ್ತಲಿಕ್ಕೆ ರೆಪ್ಪೆ ಹೊಡೆಯುವಷ್ಟು ಹೊತ್ತೂ ಬೇಡ. ನಮ್ಮ ಜಿಲ್ಲೆಯ ಸುದ್ದಿ ಮೇಲೆ ಮುಟ್ಟಲಿಕ್ಕೆ ಎಷ್ಟು ತಲೆಮಾರು ಬೇಕೋ ಗೊತ್ತಿಲ್ಲ. ಭಟ್ಕಳದಲ್ಲಿ ಬಟ್ಟೆ ಅಂಗಡಿಯವ ರಸ್ತೆ ಬದಿಗೆ ಕಾದಿದ್ದ. ಗಾಡಿ ಹತ್ತಿ ಅಕ್ಕೋರ ತಲೆ ತೊಡೆ ಮೇಲೆ ಇಟ್ಕಂಡು ಕೂತ.

ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಕೇಳಿದ್ರು, "ಯಾವಾಗ ಸುರು ಆಗಿದ್ದು?" ಬೆಳಿಗ್ಗೆ ಚಾದ ಹೊತ್ತಿಗೆ ಅಂದೆ. "ಕಟ್ಟಿದ್ದನ್ನ ಕರಗಿಸುವ ಇಂಜೆಕ್ಷನ್ನಿಗೆ ಒಂದು ಹೊತ್ತು ಇರ್ತದೆ. ಅದು ದಾಟಿದೆ. ಬೇಗ ಯಾಕೆ ತರ್ಲಿಲ್ಲ?" ತಮ್ಮ ತಲೆ ತಗ್ಗಿಸಿ ನಿಂತಿದ್ರು. ನರ ಹಿಡ್ಕಂಡದೆ ಅಂದ್ಕಂಡ್ವಿ ಅಂದ್ರು. ಡಾಕ್ಟರಮ್ಮನಿಗೆ ಕನ್ನಡ ಚೆನ್ನಾಗಿ ಬರ್ತಿತ್ತು, ಈ ಮಾತು ಮಾತ್ರ ಅರ್ಥ ಆಗ್ಲಿಲ್ಲ.

ಜೀವ ಉಳೀತು. ಮಾತು ಹೋತು. ಪೂರ್ತಿ ಹೋಗ್ಲಿಲ್ಲ, ಒಂದು ಶಬ್ದ ಉಳೀತು. ಇಂಥವ್ರಿಗೆ ಕೆಲವೊಮ್ಮೆ ಬೈಗುಳವೋ, ಆಡಿ ಆಡಿ ನಾಲಿಗೆಗೆ ಅಂಟಿದ ಮಾತೋ ಉಳೀತದೆ ಹೇಳಿ ಡಾಕ್ಟರಮ್ಮ ಅಂದಿದ್ರು. ಅಕ್ಕೋರಿಗೆ ಉಳಿದದ್ದು "ಸುಳ್ಳು." ಹಸಿವಾದ್ರೂ ಸುಳ್ಳು, ಕಿಟಕಿ ತೆಗೀ ಅನ್ನಲಿಕ್ಕೂ ಸುಳ್ಳು. ನೋಡ್ಲಿಕ್ಕೆ ಬಂದವ್ರು, "ಅಕ್ಕೋರೆ, ಮಳೆಗಾಲದ ಒಳಗೆ ಆರಾಮಾಗ್ತೀರಿ" ಅಂದ್ರೆ, "ಸುಳ್ಳು." ಅವತ್ತು ಅದೊಂದು ಸರಿಯಾದ ಉತ್ತರ. ಹಾರ್ಮೋನ್ ಅಕ್ಕೋರು ಅಂದ ಆ ಇಬ್ಬರೂ ಸೇಬು ಹಿಡ್ಕಂಡು ಬಂದಿದ್ರು. "ನೀವು ನಮಗೆಲ್ಲ ಆದರ್ಶ" ಅಂದ್ರಂತೆ. ಅಕ್ಕೋರು ಅದೇ ಶಬ್ದವನ್ನ ಎರಡು ಸಲ ಹೇಳಿದ್ರಂತೆ. ಅಂಗನವಾಡಿಯವ್ಳು ಅಲ್ಲೇ ಇದ್ಳು, ನಗು ತಡೀಲಿಕ್ಕೆ ಅಡುಗೆಮನೆಗೆ ಓಡಿದ್ಳು.

ನಾನು ಡ್ಯೂಟಿ ಮುಗಿಸಿ ಹೋಗಿ ಕೂತ್ಕಳ್ತಿದ್ದೆ. ಆ ಬಲಗೈಯನ್ನ ಮಡಚಿ ಬಿಡಿಸುವ ವ್ಯಾಯಾಮ ಮಾಡಿಸೋದು ನನ್ನ ಕೆಲಸ. ಸತ್ತ ನರಕೋಶ ಮತ್ತೆ ಬರೂದಿಲ್ಲ, ಬದಿಯವು ಹೊಸ ದಾರಿ ಹುಡುಕ್ಕಳ್ತಾವೆ ಹೇಳಿ ಅವ್ರೇ ಕಲಿಸಿದ್ದಲ್ದಾ. ಹೆಬ್ಬೆರಳು ಒಂದಿನ ಹಂದಾಡ್ತು. ಅಷ್ಟೇ ಆದದ್ದು. ಎರಡನೇ ಮಳೆಗಾಲಕ್ಕೆ ಮತ್ತೊಂದು ಸಲ ಹಾಗೇ ಆತು. ಈ ಸಲ ಯಾರೂ ಎಣ್ಣೆ ಬಿಸಿ ಮಾಡ್ಲಿಲ್ಲ. ಗಾಡಿ ಬರುವಷ್ಟು ಹೊತ್ತೂ ಅಕ್ಕೋರು ಕೊಡ್ಲಿಲ್ಲ.

ಇಷ್ಟು ಬರೆದು ಮಾಸ್ತರಿಗೆ ಕಳಿಸ್ದೆ. ಮರುದಿನ ಕುಮಟೆ ಸ್ಟ್ಯಾಂಡಿನಲ್ಲಿ ಬಸ್ಸು ಹಚ್ಚಿ ಕೂತಿದ್ದೆ, ಅಕ್ಕೋರ ತಮ್ಮ ನನ್ನ ಬದಿಯ ಕಿಟಕಿ ಕೆಳಗೆ ಬಂದು ನಿಂತ್ರು. ಕೈಯಲ್ಲಿ ಮೊಬೈಲು. ಮಾಸ್ತರು ಅವ್ರಿಗೆ ದಾಟಿಸಿದ್ದಾರೆ ಹೇಳಿ ಗೊತ್ತಾತು. ನನ್ನ ಎದೆ ಹೊಡ್ಕಳ್ಳಲಿಕ್ಕೆ ಸುರು ಆತು. ನಾನೇ ಮೊದಲು ಹೇಳ್ದೆ. "ಅಣ್ಣ, ಬರೆದದ್ದು ಹೌದು. ಒಂದಕ್ಷರ ತೆಗೆಯೂದಿಲ್ಲ. ಬೇಡದಿದ್ರೆ ಪುಸ್ತಕಕ್ಕೆ ಹಾಕಬೇಡಿ."

"ಬೇಡ ಅಂದದ್ದು ನಾನಲ್ಲ ತಮಾ. ಮಾಸ್ತರು ನನ್ನ ಹೆಸರಲ್ಲಿ ಅಂದದ್ದು."

ಕಂಡಕ್ಟರ್ ಹಿಂದಿನಿಂದ ಸೀಟಿ ಹೊಡೆದ. ನಾ ಕೈ ಎತ್ತಿ ತಡಿ ಅಂದೆ.

"ಭಾನುವಾರ ನೀವು ಜಗಲಿಯಲ್ಲಿ ಕೂತಾಗ ನಾ ಒಳಗೆ ಪೇಪರ್ ಓದ್ತಿದ್ದೆ" ಅಂದ್ರು. "ಯಾವ ನರ, ಯಾವ ನರ ಹೇಳಿ ಅವ್ಳು ಕೂಗೋದು ಕಿವಿಗೆ ಬೀಳ್ತಿತ್ತು. ಒಂದಿನ ಎದ್ದು ಬಂದು ಕೂತವ ಅಲ್ಲ. ಊರಿಗೆಲ್ಲ ಅಕ್ಕೋರು. ನಂಗೆ ಅಕ್ಕ ಅಷ್ಟೇ."

ಮೊಬೈಲು ತೆರೆದು ಒಂದು ಕಡೆ ಬೆರಳಿಟ್ಟು ನಂಗೆ ತೋರಿಸಿದ್ರು. ಬಿಸಿಲಿಗೆ ಅಕ್ಷರ ಕಾಣ್ತಿರ್ಲಿಲ್ಲ. ಅವ್ರೇ ಹೇಳಿದ್ರು.

"ಇಲ್ಲಿ ಮನೆಯವ್ರು ಕೈ ಹಿಡ್ಕಂಡ್ರು ಹೇಳಿ ನೀ ಬರ್ದಿದ್ದೀ. ಅದು ತಪ್ಪು. ನನ್ನ ಹೆಂಡತಿ ಎಣ್ಣೆ ತರ್ಲಿಕ್ಕೆ ಒಳಗೆ ಹೋಗಿದ್ಳು. ಹಿಡ್ಕಂಡವ ನಾನು, ಎರಡೂ ಕೈಯಲ್ಲಿ. ಹಾಗೇ ಬರಿ. ಅಕ್ಕ ಬಿಡಿಸ್ಕಳ್ಳಲಿಕ್ಕೆ ನೋಡಿದ್ಳು. ಆ ಎಡಗೈಯಲ್ಲಿ ಎಂಥ ಬಲ ಇತ್ತು ತಮಾ. ಇಷ್ಟು ಬಲ ಇದ್ದವ್ಳಿಗೆ ಎಂತ ಆಗ್ತದೆ ಅಂದ್ಕಂಡೆ."